ದೇವರಮನೆ ಮತ್ತು ಕೇರಿ

ಮೂಡಿಗೆರೆಯ ಕಾಫಿ ತೋಟದ ಲೈನು ಮನೆಗಳಿಂದ ಕಾಲೇಜಿಗೆ ಬಂದ ನಮಗೆ ಬೆಟ್ಟದ ಮೇಲೊಂದು ದೇವರಮನೆ ಇತ್ತು, ಅದು ಕಾಲಭೈರವನದು. ಕಾಲೇಜಿನ ಪ್ರಾರ್ಥನಾ ಕೂಟದಲ್ಲಿ ಇನ್ನೊಂದು ಸಿಕ್ಕಿತು. ಅಲ್ಲಿ ಎಲ್ಲರೂ ಒಂದೇ ಚಾಪೆಯ ಮೇಲೆ ಕೂತರು. ಅದೇನು ಸಣ್ಣ ಮಾತಲ್ಲ. ಆದರೆ ಅಲ್ಲಿ ಹೋರಾಟವೆಂದರೆ ಒಳಗಿನ ಪಾಪದೊಡನೆ ಮಾತ್ರ. ಜಾತಿಯ ಮಾತೆತ್ತಿದರೆ 'ಕ್ರಿಸ್ತನಲ್ಲಿ ಅದೆಲ್ಲ ಇಲ್ಲವಲ್ಲ' ಎಂದು ಮುಗಿಸಿಬಿಡುತ್ತಿದ್ದರು.

ಚರಿತ್ರೆ ಹೇಳುವುದೇ ಬೇರೆ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಬಹುಮಟ್ಟಿಗೆ ಹಿಂದೂಗಳಿಗೇ ಕಟ್ಟಿಹಾಕಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ದಲಿತ ಕ್ರೈಸ್ತರು ಇಂದಿಗೂ ಹೊರಗೆ. ಹೀಗಾಗಿ ದೀಕ್ಷಾಸ್ನಾನವೋ ಜಾತಿ ಸರ್ಟಿಫಿಕೇಟೋ ಎಂಬುದು ನಮ್ಮ ಹುಡುಗರಿಗೆ ಆತ್ಮದ ಪ್ರಶ್ನೆಯೂ ಹೌದು, ಅನ್ನದ ಪ್ರಶ್ನೆಯೂ ಹೌದು.

ಈ ಮೌನವನ್ನು ಒಡೆದದ್ದೂ ಒಂದು ಕ್ಯಾಂಪಸ್ಸೇ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಕೇರಿ ಸೊಸೈಟಿಯಲ್ಲಿ ಅರವಿಂದ ನಿರ್ಮಲ್ ಶೂದ್ರ ದೈವಶಾಸ್ತ್ರ ಬೇಕೆಂದು ವಾದಿಸಿದರು. ದಲಿತ ದೈವಶಾಸ್ತ್ರ ಅಲ್ಲಿಂದ ಮೊಳೆಯಿತು. 'ಕೇರಿ' ಅಲ್ಲಿ ಇಂಗ್ಲಿಷ್ ಹೆಸರು. ನಮ್ಮ ಕಿವಿಗೆ ಅದು ಹೊಲಗೇರಿಯೇ. ಮುಂದೆ ಅವರು ಧರ್ಮೋಪದೇಶಕಾಂಡದ 26ನೇ ಅಧ್ಯಾಯ ಹಿಡಿದು, ದಾಸ್ಯದ ನೆನಪು ವಿಶ್ವಾಸದ ಭಾಗವೇ ಎಂದು ತೋರಿಸಿದರು. ಜೀತಕ್ಕಿದ್ದ ಅಜ್ಜನನ್ನು ಮರೆಸುವ ಭಕ್ತಿ ಯಾರನ್ನೂ ಬೆಳೆಸುವುದಿಲ್ಲ.