ಪಿಂಕ್ ಫ್ಲಾಯ್ಡ್: ಉತ್ತರಾರ್ಧದ ವ್ಯಾಜ್ಯ

ಕಳೆದ ದೀಪಾವಳಿಗೆ ಮನೆಗೆ ಬಂದ ಇಬ್ಬರು ಹಳೆಯ ವಿದ್ಯಾರ್ಥಿಗಳು ಕಾಫಿ ಆರಿಹೋಗುವವರೆಗೂ ಒಂದೇ ವಿಷಯವನ್ನು ಕುರಿತು ವಾದಿಸಿದರು. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡವು, ರೋಜರ್ ವಾಟರ್ಸ್ ಹೊರನಡೆದ ಮೇಲೆ ತಂದ ಆಲ್ಬಮ್‌ಗಳು ನಿಜಕ್ಕೂ ಆ ತಂಡದವೇ, ಇಲ್ಲವೇ ಬರಿಯ ಹೆಸರಿನವೇ? ಒಬ್ಬನು 2002ರಲ್ಲಿ ವಾಟರ್ಸ್ ಬೆಂಗಳೂರಿಗೆ ಬಂದಾಗ ಕಣ್ಣಾರೆ ಕಂಡವನು. ಇನ್ನೊಬ್ಬನು ಡೇವಿಡ್ ಗಿಲ್ಮೋರ್ ಅವರ ಗಿಟಾರಿಗೆ ಮನಸೋತವನು. "ನೀವು ಇತಿಹಾಸದ ಮೇಷ್ಟ್ರು, ತೀರ್ಪು ಹೇಳಿ ಸಾರ್" ಎಂದರು. ಅಂದು ಹೇಳಲಾಗಲಿಲ್ಲ. ಆಮೇಲೆ ಆಲ್ಬಮ್‌ಗಳನ್ನು ಕೇಳಿದೆ, ಇಸವಿಗಳನ್ನು ಸಾಲಾಗಿ ಬರೆದುಕೊಂಡೆ.

ತಂಡವು ಲಂಡನ್ನಿನಲ್ಲಿ ರೂಪುಗೊಂಡದ್ದು 1965ರಲ್ಲಿ. ಆಗ ಅದರ ಜೀವಾಳ ಸಿಡ್ ಬ್ಯಾರೆಟ್. ಮನಸ್ಸಿನ ಸ್ವಾಸ್ಥ್ಯ ಕೆಟ್ಟು ಅವರು 1968ರಲ್ಲಿ ದೂರವಾದರು. ಅವರ ಕಾಲವೇ ನಿಜವಾದ ಕಾಲವೆಂದು ನಂಬುವ ಅಭಿಮಾನಿಗಳು ಇಂದಿಗೂ ಇದ್ದಾರೆ. ಅವರ ಲೆಕ್ಕದಲ್ಲಿ 1973ರ ಜಗತ್ಪ್ರಸಿದ್ಧ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಕೂಡ ಉತ್ತರಾರ್ಧವೇ! ಎಂದಮೇಲೆ, ಅವನತಿಯ ಗೆರೆ ಎಲ್ಲಿ ಬೀಳುತ್ತದೆಂಬುದು ಗೆರೆ ಎಳೆಯುವವರು ಎಲ್ಲಿ ನಿಂತಿದ್ದಾರೆಂಬುದನ್ನು ಅವಲಂಬಿಸಿದೆ.

1979ರ 'ದಿ ವಾಲ್' ಬಹುಮಟ್ಟಿಗೆ ವಾಟರ್ಸ್ ಅವರ ಕಲ್ಪನೆ. ಅದರ ಧ್ವನಿಮುದ್ರಣದ ಕಾಲದಲ್ಲಿಯೇ, ಮೊದಲಿನಿಂದ ಕೀಬೋರ್ಡ್ ನುಡಿಸುತ್ತಿದ್ದ ರಿಚರ್ಡ್ ರೈಟ್ ಅವರನ್ನು ತಂಡದಿಂದ ಹೊರಗಿಡಲಾಯಿತು. 1983ರ 'ದಿ ಫೈನಲ್ ಕಟ್'ನಲ್ಲಿ ರೈಟ್ ಇಲ್ಲವೇ ಇಲ್ಲ. ಅಂದರೆ ವಾಟರ್ಸ್ 1985ರಲ್ಲಿ ಬಿಟ್ಟುಹೋಗುವ ಮೊದಲೇ ಹಳೆಯ ನಾಲ್ವರ ತಂಡ ಒಡೆದಿತ್ತು. 1986ರಲ್ಲಿ ಹೆಸರಿನ ಹಕ್ಕು ನ್ಯಾಯಾಲಯದ ಮೆಟ್ಟಿಲೇರಿತು. 1987ರ ಕೊನೆಗೆ ರಾಜಿಯಾಗಿ, ಹೆಸರು ಗಿಲ್ಮೋರ್ ಮತ್ತು ಡ್ರಮ್ಸ್ ವಾದಕ ನಿಕ್ ಮೇಸನ್ ಅವರಿಗೆ ಉಳಿಯಿತು.

ಅದೇ ವರ್ಷ ಬಂದ 'ಎ ಮೊಮೆಂಟರಿ ಲ್ಯಾಪ್ಸ್ ಆಫ್ ರೀಸನ್'ನಲ್ಲಿ ಸಂಭಾವನೆಗೆ ಕರೆಸಿದ ವಾದಕರೇ ಹೆಚ್ಚು. ರೈಟ್ ತಡವಾಗಿ ಬಂದರು, ಅದೂ ಪೂರ್ಣ ಸದಸ್ಯರಾಗಿ ಅಲ್ಲ. ಈ ಆಲ್ಬಮ್ಮಿನ ಮಟ್ಟಿಗೆ ನನ್ನ ಮೊದಲ ಶಿಷ್ಯನ ವಾದದಲ್ಲಿ ಹುರುಳಿದೆ. ಆದರೆ 1994ರ 'ದಿ ಡಿವಿಷನ್ ಬೆಲ್' ಹಾಗಲ್ಲ. ಅಲ್ಲಿ ರೈಟ್ ಗಿಲ್ಮೋರ್ ಜೊತೆಗೂಡಿ ಹಲವು ರಚನೆಗಳನ್ನು ಮಾಡಿದರು, ಒಂದು ಹಾಡನ್ನು ತಾವೇ ಮುಂದೆ ನಿಂತು ಹಾಡಿದರು. ಎರಡನ್ನೂ ಒಂದೇ ಚೀಲಕ್ಕೆ ತುಂಬುವುದು ನ್ಯಾಯವಲ್ಲ.

2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಾಲ್ವರೂ ಒಮ್ಮೆ ಒಂದೇ ವೇದಿಕೆ ಹತ್ತಿದರು. 2008ರಲ್ಲಿ ರೈಟ್ ತೀರಿಕೊಂಡರು. ಹಿಂದಿನ ಧ್ವನಿಮುದ್ರಣಗಳಲ್ಲಿ ಉಳಿದಿದ್ದ ಅವರ ವಾದನವನ್ನು ಆಧರಿಸಿಯೇ 2014ರಲ್ಲಿ 'ದಿ ಎಂಡ್‌ಲೆಸ್ ರಿವರ್' ಹೊರಬಂದಿತು. 2019ರಲ್ಲಿ 1987ರ ಆಲ್ಬಮ್ಮನ್ನು ಮತ್ತೆ ಹದಗೊಳಿಸಿದಾಗ, ರೈಟ್ ಅವರ ಕೀಬೋರ್ಡಿಗೆ ಹೆಚ್ಚಿನ ಜಾಗ ಕೊಟ್ಟು, ಮೇಸನ್ ಅವರಿಂದ ಡ್ರಮ್ಸನ್ನು ಹೊಸದಾಗಿ ನುಡಿಸಿದರು. ತಂಡವೇ ತನ್ನ ಹಳೆಯ ಕೊರತೆಯನ್ನು ಒಪ್ಪಿಕೊಂಡಂತೆ ನನಗೆ ತೋರಿತು.

ವಾಟರ್ಸೋ ಗಿಲ್ಮೋರೋ ಎಂಬ ಜಗಳದಲ್ಲಿ ಇಬ್ಬರೂ ಮರೆತದ್ದು ಈ ಮೂರನೆಯವರನ್ನು. ಇದನ್ನು ಬರೆಯುವಾಗ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ವಿಜಯನಗರದ ಪಾಠದಲ್ಲಿ ನಾನು 1565ಕ್ಕೆ ಗೆರೆ ಎಳೆದು, ಪೆನುಗೊಂಡೆಗೆ ಹೋಗಿ ಆಳ್ವಿಕೆ ಮುಂದುವರಿಸಿದ ಅರವೀಡು ಅರಸರನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಿದ್ದೆ. ಗೆದ್ದವರು, ಸೋತವರು ಎಂಬ ಲೆಕ್ಕವನ್ನು ನಿಮಗೆ ಕಲಿಸಿದವನು ನಾನೇ. ಅದಕ್ಕಾಗಿ ಕ್ಷಮೆಯಿರಲಿ.

ನನ್ನ ತೀರ್ಪು ಇಷ್ಟೇ: 'ದಿ ಡಿವಿಷನ್ ಬೆಲ್' ಅನ್ನು ಇಬ್ಬರೂ ಇನ್ನೊಮ್ಮೆ ಕೇಳಿರಿ, ಗಿಟಾರನ್ನು ಬಿಟ್ಟು ಕೀಬೋರ್ಡಿಗೆ ಕಿವಿಗೊಟ್ಟು. ಅನಂತರ ಬಂದು ವಾದ ಮುಂದುವರಿಸಿ. ಕಾಫಿಯನ್ನು ಮಾತ್ರ ಬಿಸಿಯಾಗಿರುವಾಗಲೇ ಕುಡಿಯಿರಿ.