ಕನ್ನಡಿ ಇಲ್ಲದ ಪುಟ್ಟ ಕ್ಯಾಮೆರಾ: ಎರಡನೇ ಕ್ಯಾಮೆರಾದ ನೂರು ವರ್ಷ

ನಾನು ವಾರವಿಡೀ ಕೋಡ್ ಬರೆಯುವವನು. ವಾರಾಂತ್ಯದಲ್ಲಿ ಇಲ್ಲಿನ ನಮ್ಮ ಜನರ ಮದುವೆ, ನಾಮಕರಣ, ರಂಗಪ್ರವೇಶಗಳ ಫೋಟೋ ತೆಗೆಯುತ್ತೇನೆ ಅನ್ನೋದು ನಿಮಗೆ ಗೊತ್ತು. ಹಾಗಾಗಿ ಬಹಳ ಜನ ಕೇಳ್ತಾರೆ: "ನಿಮ್ಮ ಹತ್ರ ಫುಲ್ ಫ್ರೇಮ್ ಕ್ಯಾಮೆರಾ ಇದೆ, ದುಬಾರಿ ಲೆನ್ಸ್‌ಗಳಿವೆ. ಮತ್ತೆ ಆ ಆಟಿಕೆ ಥರದ ಹಳೇ ಮಿರರ್‌ಲೆಸ್ ಯಾಕೆ?" ಉತ್ತರ ಹೇಳೋಕೆ ನೂರು ವರ್ಷಕ್ಕಿಂತ ಸ್ವಲ್ಪ ಹಿಂದೆ ಹೋಗಬೇಕು. ಈ ಪ್ರಶ್ನೆಗೆ ಇಬ್ಬರು ಎಂಜಿನಿಯರ್‌ಗಳು ಕ್ಯಾಮೆರಾ ಕಟ್ಟಿಯೇ ಉತ್ತರ ಕೊಟ್ಟಿದ್ದಾರೆ.

ಮೊದಲನೆಯವರು ಜರ್ಮನಿಯ ಆಸ್ಕರ್ ಬರ್ನಾಕ್. 1911ರಲ್ಲಿ ವೆಟ್ಸ್‌ಲಾರ್ ಎಂಬ ಊರಿನ ಲೈಟ್ಸ್ ಕಂಪನಿಗೆ ಸೇರಿದರು. ಸೂಕ್ಷ್ಮದರ್ಶಕ ಮಾಡುವ ಕಂಪನಿ ಅದು. ಬರ್ನಾಕ್‌ಗೆ ಫೋಟೋ ಹುಚ್ಚು, ಜೊತೆಗೆ ಆಸ್ತಮಾ. ಆಗ ಕ್ಯಾಮೆರಾ ಅಂದ್ರೆ ಮರದ ಪೆಟ್ಟಿಗೆ, ಗಾಜಿನ ಪ್ಲೇಟುಗಳು, ಸ್ಟ್ಯಾಂಡು. ಅದನ್ನೆಲ್ಲ ಹೊತ್ತು ಗುಡ್ಡ ಹತ್ತೋದು ಅವರ ಉಸಿರಿಗೆ ಆಗದ ಮಾತು. 1913-14ರ ಹೊತ್ತಿಗೆ ಅವರು ಜೇಬಿನಲ್ಲಿ ಹಿಡಿಸುವ ಒಂದು ಕ್ಯಾಮೆರಾ ಮಾಡಿದರು. ಅದಕ್ಕೆ ಹಾಕಿದ್ದು ಸಿನಿಮಾ ಫಿಲ್ಮು. ಸಿನಿಮಾದಲ್ಲಿ ಒಂದು ಚೌಕಟ್ಟು 18×24 ಮಿಲಿಮೀಟರ್. ಇವರು ಎರಡು ಚೌಕಟ್ಟು ಸೇರಿಸಿ 24×36 ಮಾಡಿಕೊಂಡರು. ಯುದ್ಧ ಬಂತು, ಕೆಲಸ ನಿಂತಿತು. ಕೊನೆಗೆ 1925ರಲ್ಲಿ ಲೈಪ್ಸಿಗ್ ಮೇಳದಲ್ಲಿ ಅದು ಲೈಕಾ ಎಂಬ ಹೆಸರಿನಲ್ಲಿ ಜನರ ಮುಂದೆ ಬಂತು.

ಈಗ ಆ ಅಳತೆ ಗಮನಿಸಿ. 24×36 ಮಿಲಿಮೀಟರ್. ಇವತ್ತು ನಾವು ಲಕ್ಷಗಟ್ಟಲೆ ಕೊಟ್ಟು ಕೊಳ್ಳುವ "ಫುಲ್ ಫ್ರೇಮ್" ಅಂದ್ರೆ ಇದೇ! ದೊಡ್ಡ ಪ್ಲೇಟುಗಳ ಕಾಲದಲ್ಲಿ ಇದನ್ನು ಮಿನಿಯೇಚರ್ ಅಂತ ಕರೆಯುತ್ತಿದ್ದರು. ನನ್ನ ಬ್ಯಾಗಿನಲ್ಲಿರೋ "ಪ್ರೊಫೆಷನಲ್" ಅಳತೆ ಹುಟ್ಟಿದ್ದು ಗುಡ್ಡ ಹತ್ತಲಾಗದ ಒಬ್ಬ ಮನುಷ್ಯನ ಎರಡನೇ ಕ್ಯಾಮೆರಾ ಆಗಿ.

ಸಣ್ಣ ಕ್ಯಾಮೆರಾ ಏನು ಮಾಡಬಲ್ಲದು ಅನ್ನೋದಕ್ಕೆ ನಮ್ಮ ದೇಶದಲ್ಲೇ ಒಂದು ಒಳ್ಳೆಯ ಹೋಲಿಕೆ ಸಿಗುತ್ತೆ. ಚರಕದ ಪಕ್ಕ ಕೂತ ಗಾಂಧೀಜಿಯ ಪ್ರಸಿದ್ಧ ಚಿತ್ರ ನೆನಪಿದೆಯಲ್ಲ? 1946ರಲ್ಲಿ ಅಮೆರಿಕದ ಮಾರ್ಗರೆಟ್ ಬರ್ಕ್-ವೈಟ್ ತೆಗೆದದ್ದು. ಅವರದು ಫ್ಲಾಶ್ ಬಲ್ಬುಗಳ ಸರಂಜಾಮು. ಗಾಂಧೀಜಿಗೆ ಆ ಬೆಳಕು ಇಷ್ಟವಿಲ್ಲ, ಹಾಗಾಗಿ ಅನುಮತಿ ಸಿಕ್ಕಿದ್ದು ಮೂರೇ ಬಲ್ಬಿಗೆ. ಆ ಮೂರರಲ್ಲಿ ಒಂದು ಅಮರ ಚಿತ್ರ ಬಂತು. ಇನ್ನೊಬ್ಬರು ಫ್ರಾನ್ಸಿನ ಆನ್ರಿ ಕಾರ್ಟಿಯೆ-ಬ್ರೆಸ್ಸೋಂ. 1932ರಿಂದ ಲೈಕಾ ಹಿಡಿದವರು, ಫ್ಲಾಶ್ ಮುಟ್ಟುತ್ತಿರಲಿಲ್ಲ. ಹೊಳೆಯೋ ಲೋಹ ಕಣ್ಣಿಗೆ ಬೀಳದಿರಲಿ ಅಂತ ಕ್ಯಾಮೆರಾಗೆ ಕಪ್ಪು ಟೇಪ್ ಸುತ್ತುತ್ತಿದ್ದರು. 1948ರ ಜನವರಿ 30ರ ರಾತ್ರಿ ಬಿರ್ಲಾ ಹೌಸಿನ ಗೇಟಿನ ಬಳಿ, ನೆಹರೂ ಗಾಂಧೀಜಿಯ ಸಾವನ್ನು ಜನರಿಗೆ ತಿಳಿಸುತ್ತಿರುವ ಚಿತ್ರ ಅವರದೇ. ಬೆಳಕು ಸಾಲದು, ಚಿತ್ರ ಮಸುಕು. ಆದರೆ ಆ ರಾತ್ರಿಯ ದಿಗ್ಭ್ರಮೆ ಪೂರ್ತಿ ಅದರಲ್ಲಿದೆ. ಇಬ್ಬರೂ ದೊಡ್ಡವರೇ, ಎರಡೂ ಚಿತ್ರ ನಮಗೆ ಬೇಕು. ಒಂದಕ್ಕೆ ಅನುಮತಿ, ಸಿದ್ಧತೆ ಬೇಕಿತ್ತು. ಇನ್ನೊಂದಕ್ಕೆ ಕೈಯಲ್ಲಿ ಕ್ಯಾಮೆರಾ ಇದ್ದರೆ ಸಾಕಿತ್ತು.

ಕಾಲ ಕಳೆದಂತೆ ಲೈಕಾ ತಾನೇ ದುಬಾರಿ ವಸ್ತುವಾಯಿತು. ಆಗ ಬಂದವರು ನಮ್ಮ ಎರಡನೇ ಎಂಜಿನಿಯರ್, ಜಪಾನಿನ ಯೋಶಿಹಿಸಾ ಮೈತಾನಿ. 1956ರಲ್ಲಿ ಒಲಿಂಪಸ್ ಸೇರಿದ ಹುಡುಗ. ಸ್ವಂತಕ್ಕೆ ಲೈಕಾ ಇಟ್ಟುಕೊಂಡಿದ್ದ. ಆಗ ಒಲಿಂಪಸ್‌ನ ಕ್ಯಾಮೆರಾಗಳು ಸಾಮಾನ್ಯ ಸಂಬಳದವರ ಕೈಗೆ ಎಟುಕುತ್ತಿರಲಿಲ್ಲ. ಮೈತಾನಿ ಇಟ್ಟುಕೊಂಡ ಗುರಿ 6,000 ಯೆನ್. ಅದು ತನ್ನ ಲೈಕಾದ ಪಕ್ಕದಲ್ಲಿ ಇಟ್ಟುಕೊಳ್ಳಬಹುದಾದ ಎರಡನೇ ಕ್ಯಾಮೆರಾ ಆಗಬೇಕು ಅನ್ನೋದು ಅವರ ಆಸೆ. ಅಂದ್ರೆ ಬೆಲೆ ಕಡಿಮೆ, ಲೆನ್ಸ್ ಮಾತ್ರ ಒಂದು ಕೂದಲೂ ಕಡಿಮೆ ಇರಬಾರದು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಬಜೆಟ್ ಹಂಚಿಕೆಯ ಪ್ರಶ್ನೆ. ಮೈತಾನಿ ದುಡ್ಡಿನ ಬಹುಪಾಲನ್ನು ಲೆನ್ಸಿಗೆ ಸುರಿದರು. ಉಳಿದದ್ದರಲ್ಲಿ ಏನೇನು ಬಿಡಬಹುದು ಅಂತ ಪಟ್ಟಿ ಮಾಡಿದರು. ಫಿಲ್ಮ್ ಮುಂದೆ ಸರಿಸುವ ಲಿವರ್ ಬಿಟ್ಟು, ಹೆಬ್ಬೆರಳಿನಿಂದ ತಿರುಗಿಸುವ ಒಂದು ಚಕ್ರ ಇಟ್ಟರು. ಬರ್ನಾಕ್ ಎರಡು ಪಟ್ಟು ಮಾಡಿದ್ದ ಚೌಕಟ್ಟನ್ನು ಇವರು ಮತ್ತೆ ಅರ್ಧಕ್ಕೆ, 18×24ಕ್ಕೆ ಇಳಿಸಿದರು. 36 ಚಿತ್ರದ ರೋಲಿನಲ್ಲಿ 72 ಚಿತ್ರ! ಸ್ವಂತ ಕಾರ್ಖಾನೆಯ ಮುಖ್ಯಸ್ಥರು ಇಂಥ ಆಟಿಕೆ ನಾವು ಮಾಡಲ್ಲ ಅಂದಿದ್ದಕ್ಕೆ ಶುರುವಿನಲ್ಲಿ ಹೊರಗಡೆ ಮಾಡಿಸಬೇಕಾಯಿತು. 1959ರಲ್ಲಿ ಒಲಿಂಪಸ್ ಪೆನ್ ಬಂತು. ಬರೆಯುವ ಪೆನ್ನಿನಂತೆ ಯಾವಾಗಲೂ ಜೊತೆಗಿರಲಿ ಅಂತ ಆ ಹೆಸರು.

ಅದೇ 1959ರಲ್ಲಿ ನಿಕಾನ್ ಎಫ್ ಕೂಡ ಬಂತು. ಲೆನ್ಸಿನ ಹಿಂದೆ ಓರೆಯಾಗಿ ನಿಂತ ಕನ್ನಡಿ, ಮೇಲೆ ಪ್ರಿಸಂ. ಲೆನ್ಸ್ ಏನು ನೋಡುತ್ತೋ ಅದನ್ನೇ ಕಣ್ಣೂ ನೋಡುತ್ತೆ. ಪತ್ರಿಕಾ ಛಾಯಾಗ್ರಾಹಕರು ಅದನ್ನು ಅಪ್ಪಿಕೊಂಡರು. ಮುಂದಿನ ಐದು ದಶಕ ಕನ್ನಡಿಯ ಕ್ಯಾಮೆರಾವೇ ರಾಜ. ಆದರೆ ಕನ್ನಡಿ ಮೇಲೆ ಕೆಳಗೆ ಆಡೋಕೆ ಜಾಗ ಬೇಕಲ್ಲ? ನಿಕಾನ್‌ನಲ್ಲಿ ಲೆನ್ಸ್ ಕೂರುವ ಉಂಗುರದಿಂದ ಫಿಲ್ಮಿಗೆ 46.5 ಮಿಲಿಮೀಟರ್ ದೂರ. ಬಾಡಿ ದಪ್ಪಗಿರೋದಕ್ಕೆ ಇದೊಂದು ದೊಡ್ಡ ಕಾರಣ.

ಫಿಲ್ಮಿನ ಜಾಗಕ್ಕೆ ಸೆನ್ಸರ್ ಬಂದ ಮೇಲೆ, ಸೆನ್ಸರ್ ತಾನು ಕಂಡದ್ದನ್ನು ನೇರವಾಗಿ ಪರದೆಗೆ ಕಳಿಸಬಹುದು. ಹಾಗಾದ್ರೆ ನಡುವೆ ಕನ್ನಡಿ ಯಾಕೆ? 2008ರಲ್ಲಿ ಪ್ಯಾನಸೋನಿಕ್ ಮತ್ತು ಒಲಿಂಪಸ್ ಸೇರಿ ಮೈಕ್ರೋ ಫೋರ್ ಥರ್ಡ್ಸ್ ಅಂತ ಘೋಷಿಸಿದವು. ದೂರ ಸುಮಾರು 20 ಮಿಲಿಮೀಟರಿಗೆ ಇಳಿಯಿತು. ಅದೇ ವರ್ಷ ಪ್ಯಾನಸೋನಿಕ್ ಜಿ1 ಬಂತು. 2009ರಲ್ಲಿ, ಮೈತಾನಿಯ ಕ್ಯಾಮೆರಾಗೆ ಐವತ್ತು ತುಂಬಿದ ವರ್ಷ, ಒಲಿಂಪಸ್ ತನ್ನ ಮೊದಲ ಮಿರರ್‌ಲೆಸ್‌ಗೆ ಮತ್ತೆ ಪೆನ್ ಅಂತಲೇ ಹೆಸರಿಟ್ಟಿತು.

ಆಮೇಲೆ ಏನಾಯ್ತು ಅಂತ ನಿಮಗೆ ಗೊತ್ತು. 2013ರಲ್ಲಿ ಸೋನಿ ಫುಲ್ ಫ್ರೇಮ್ ಮಿರರ್‌ಲೆಸ್ ತಂದಿತು. 2018ರಲ್ಲಿ ಕೆನಾನ್, ನಿಕಾನ್ ಎರಡೂ ಅದೇ ದಾರಿ ಹಿಡಿದವು. ಆದರೆ ಕನ್ನಡಿ ಹೋದರೂ ಲೆನ್ಸಿನ ತೂಕ ಹೋಗಲಿಲ್ಲ. ದೊಡ್ಡ ಸೆನ್ಸರಿಗೆ ದೊಡ್ಡ ಗಾಜು ಬೇಕೇ ಬೇಕು. ಮುಹೂರ್ತದ ದಿನ ನನ್ನ ಬ್ಯಾಗು ಇವತ್ತಿಗೂ ಭುಜ ಇಳಿಸುತ್ತೆ. ಅದರ ಬಗ್ಗೆ ದೂರಿಲ್ಲ. ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರಿನ ವಿಸ್ತೀರ್ಣ ಫುಲ್ ಫ್ರೇಮಿನ ಸುಮಾರು ಕಾಲು ಭಾಗ, ಹಿಡಿಯುವ ಬೆಳಕೂ ಅಷ್ಟೇ. ಮಂದ ಬೆಳಕಿನ ಮಂಟಪದಲ್ಲಿ ತಾಳಿ ಕಟ್ಟುವ ಒಂದೇ ಒಂದು ಕ್ಷಣಕ್ಕೆ ನಾನು ಪುಟ್ಟದನ್ನು ನಂಬಲ್ಲ. ದುಡ್ಡು ಕೊಟ್ಟವರ ಕೆಲಸ ಅದು.

ಆದರೆ ದುಡ್ಡು ಕೊಡದವರ ಕಥೆ ಬೇರೆ. ನಾನು ಊರಿಗೆ ಹೋಗೋದು ವರ್ಷಕ್ಕೆ ಎರಡು ಸಲ, ಸಲಕ್ಕೆ ನಾಲ್ಕು ದಿನ. ವರ್ಷಕ್ಕೆ ಎಂಟು ದಿನ. ಅಪ್ಪನಿಗೆ ಈಗ ಎಪ್ಪತ್ತೊಂದು. ಈ ಲೆಕ್ಕವನ್ನು ಮುಂದಕ್ಕೆ ಎಳೆಯೋದು ಬೇಡ, ನಿಮಗೂ ನಿಮ್ಮ ಲೆಕ್ಕ ಇರುತ್ತೆ. ದೊಡ್ಡ ಕ್ಯಾಮೆರಾ ಎತ್ತಿದರೆ ಅಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಾರೆ, ಅಪ್ಪ "ಇರು, ಶರ್ಟ್ ಹಾಕ್ಕೊಂಡು ಬರ್ತೀನಿ" ಅಂತ ಒಳಗೆ ಹೋಗ್ತಾರೆ. ಆ ಫೋಟೋಗಳೂ ಚೆನ್ನಾಗಿವೆ. 18,000 ರೂಪಾಯಿಗೆ ಕೊಂಡ ಸೆಕೆಂಡ್ ಹ್ಯಾಂಡ್ ಪುಟ್ಟ ಕ್ಯಾಮೆರಾ ಮೇಜಿನ ಮೇಲೆ ಪೇಪರಿನ ಪಕ್ಕ ಬಿದ್ದಿರುತ್ತೆ, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲ್ಲ. ಹುರುಳಿಕಾಯಿ ನಾರು ತೆಗೆಯೋ ಅಮ್ಮನ ಬೆರಳು, ಬನಿಯನ್ನಿನಲ್ಲೇ ಪದಬಂಧ ತುಂಬುತ್ತ ಪೆನ್ನಿನ ತುದಿ ಕಚ್ಚೋ ಅಪ್ಪ, ಇವು ಸಿಕ್ಕಿದ್ದು ಅದರಲ್ಲೇ. ಫೋನಿನಲ್ಲೂ ತೆಗೀಬಹುದಲ್ಲ ಅಂತೀರಾ? ತೆಗೀಬಹುದು. ಆದರೆ ಫೋನ್ ಕೈಗೆ ಬಂದ್ರೆ ಆಫೀಸೂ ಕೈಗೆ ಬರುತ್ತೆ.

ನೀವೂ ಒಂದು ಕೊಳ್ಳೋದಾದ್ರೆ ಮೈತಾನಿಯ ಲೆಕ್ಕ ನೆನಪಿಡಿ. ಬಾಡಿ ಹಳೇದಾದರೂ ಪರವಾಗಿಲ್ಲ, ಮಿಕ್ಕ ದುಡ್ಡನ್ನು ಒಂದು ಒಳ್ಳೆ ಪುಟ್ಟ ಲೆನ್ಸಿಗೆ ಹಾಕಿ. ಕನ್ನಡಿ ಇಲ್ಲದ ಜಾಗದಲ್ಲಿ ಅಡಾಪ್ಟರ್ ಕೂರುತ್ತೆ, ಹಾಗಾಗಿ ಮನೆಯಲ್ಲಿ ಹಳೇ ಫಿಲ್ಮ್ ಕ್ಯಾಮೆರಾದ ಲೆನ್ಸ್ ಇದ್ದರೆ ಹೆಚ್ಚಿನವು ಕೆಲಸಕ್ಕೆ ಬರುತ್ತವೆ. ಫೋಕಸ್ ಮಾತ್ರ ಕೈಯಲ್ಲೇ ತಿರುಗಿಸಬೇಕು. ದೀಪಾವಳಿಗೆ ಊರಿನ ಟಿಕೆಟ್ ಬುಕ್ ಮಾಡಿರ್ತೀರಲ್ಲ, ಅದಕ್ಕೆ ಮುಂಚೆ ಬ್ಯಾಟರಿ ಚಾರ್ಜ್ ಮಾಡಿಟ್ಟುಕೊಳ್ಳಿ.