ಹೃದಯ, ಶ್ವಾಸಕೋಶ ಕಸಿಯ ಶುಶ್ರೂಷೆ: ಕೇಪ್‌ಟೌನಿನಿಂದ ಉಪ್ಪುಂದದವರೆಗೆ

ಹೃದಯ ಕಸಿಯ ಇತಿಹಾಸವನ್ನು ಶಸ್ತ್ರವೈದ್ಯರ ಹೆಸರುಗಳ ಸಾಲಾಗಿ ಬರೆಯುವುದು ವಾಡಿಕೆ. ರೋಗಿ ಯಾಕೆ ಉಳಿದ, ಯಾಕೆ ಅಳಿದ ಎಂಬುದಕ್ಕೆ ಆ ಸಾಲಿನಲ್ಲಿ ಉತ್ತರ ಸಿಗುವುದು ಕಡಿಮೆ. 1963ರ ಜೂನ್ 11ರಂದು ಅಮೆರಿಕದ ಮಿಸಿಸಿಪಿಯಲ್ಲಿ ಜೇಮ್ಸ್ ಹಾರ್ಡಿ ಮೊದಲ ಶ್ವಾಸಕೋಶ ಕಸಿ ಮಾಡಿದರು. 18 ದಿನಗಳ ಬಳಿಕ ರೋಗಿ ಮೂತ್ರಪಿಂಡ ಸೋತು ತೀರಿಕೊಂಡ. 1967ರ ಡಿಸೆಂಬರ್ 3ರಂದು ಕೇಪ್‌ಟೌನಿನಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಹೃದಯ ಕಸಿ ಮಾಡಿದ ಲೂಯಿ ವಾಷ್‌ಕಾನ್ಸ್ಕಿ ಕೂಡ ಬದುಕಿದ್ದು 18 ದಿನ. ಅವರ ಪ್ರಾಣ ತೆಗೆದದ್ದು ನ್ಯುಮೋನಿಯಾ. ಶಸ್ತ್ರಚಿಕಿತ್ಸೆ ಗೆದ್ದಿತ್ತು. ಸೋಲು ಬಂದದ್ದು ಅದರ ನಂತರದ ದಿನಗಳಲ್ಲಿ, ಅಂದರೆ ಶುಶ್ರೂಷೆಯ ದಿನಗಳಲ್ಲಿ. ಈ ಲೇಖನದ ಆಸಕ್ತಿ ಆ ದಿನಗಳ ಕಡೆಗೆ.

ಮೊದಲ ತಲೆಮಾರಿನ ನರ್ಸ್‌ಗಳು ರೋಗಿಯನ್ನು ಮುಚ್ಚಿದ ಕೋಣೆಯಲ್ಲಿಟ್ಟು, ಗೌನು, ಮಾಸ್ಕು, ಕೈಗವಸು ತೊಟ್ಟು ಒಳಹೋಗುತ್ತಿದ್ದರು. ದೇಹ ಹೊಸ ಅಂಗವನ್ನು ತಿರಸ್ಕರಿಸದಿರಲೆಂದು ಕೊಡುವ ಔಷಧಿ ಸೋಂಕಿಗೂ ಬಾಗಿಲು ತೆರೆಯುತ್ತಿತ್ತು. 1968ರಲ್ಲಿ ಜಗತ್ತಿನಲ್ಲಿ ನೂರರಷ್ಟು ಹೃದಯ ಕಸಿಗಳಾದವು. ಆ ಫೆಬ್ರುವರಿಯಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಪಿ.ಕೆ. ಸೇನ್ ಮಾಡಿದ್ದೂ ಅದರಲ್ಲೊಂದು. ರೋಗಿ ಕೆಲವೇ ಗಂಟೆ ಬದುಕಿದ. ಸಾವುಗಳು ಏರಿದಂತೆ ಹೆಚ್ಚಿನ ಆಸ್ಪತ್ರೆಗಳು ಕೈಬಿಟ್ಟವು. ಸ್ಟ್ಯಾನ್‌ಫರ್ಡಿನ ನಾರ್ಮನ್ ಶಮ್‌ವೇ ತಂಡ ಬಿಡಲಿಲ್ಲ. ಅಲ್ಲಿಯೇ 1981ರ ಮಾರ್ಚ್‌ನಲ್ಲಿ ಬ್ರೂಸ್ ರೈಟ್ಜ್ ಒಬ್ಬ ಮಹಿಳೆಗೆ ಹೃದಯ ಮತ್ತು ಶ್ವಾಸಕೋಶವನ್ನು ಒಟ್ಟಿಗೆ ಕಸಿ ಮಾಡಿದರು, ಆ ಮಹಿಳೆ ಐದು ವರ್ಷ ಬದುಕಿದರು. ತಿರಸ್ಕಾರ ತಡೆಯುವ ಸೈಕ್ಲೋಸ್ಪೊರಿನ್ ಎಂಬ ಔಷಧಿ ಬಂದ ಮೇಲಿನ ಬದಲಾವಣೆ ಅದು. ಅದೇ ದಶಕದಲ್ಲಿ ಮುಚ್ಚಿದ ಕೋಣೆಯ ಕಟ್ಟುನಿಟ್ಟೂ ಸಡಿಲವಾಯಿತು. ಕೈ ತೊಳೆಯುವ ಶಿಸ್ತೇ ಮುಖ್ಯವೆಂದು ಅನುಭವ ಕಲಿಸಿತು.

ಹೀಗೆ ರೋಗಿ ಮನೆಗೆ ಬಂದ. ನರ್ಸ್‌ನ ಕೆಲಸ ಕಾಯುವುದರಿಂದ ಕಲಿಸುವುದಕ್ಕೆ ತಿರುಗಿತು. ನನ್ನ ಮಟ್ಟಿಗೆ ಈ ಇತಿಹಾಸದ ದೊಡ್ಡ ತಿರುವು ಇದೇ. 1992ರಲ್ಲಿ ಕಸಿ ನರ್ಸ್‌ಗಳ ಅಂತಾರಾಷ್ಟ್ರೀಯ ಸಂಘ ಹುಟ್ಟುವ ಹೊತ್ತಿಗೆ ಇದೊಂದು ಬೇರೆಯೇ ವಿದ್ಯೆಯಾಗಿತ್ತು. ಕಸಿಯ ಹೃದಯಕ್ಕೆ ನರಗಳ ಸಂಪರ್ಕ ಕಡಿದಿರುತ್ತದೆ. ಸುಮ್ಮನೆ ಕೂತಾಗಲೂ ಅದು ನಿಮಿಷಕ್ಕೆ 90ರಿಂದ 110 ಸಲ ಬಡಿಯುತ್ತದೆ. ಬಡಿತ ಇಳಿದಾಗ ಸಾಮಾನ್ಯವಾಗಿ ಕೊಡುವ ಅಟ್ರೊಪಿನ್ ಇಲ್ಲಿ ನಾಟುವುದಿಲ್ಲ. ರಕ್ತನಾಳ ಕಟ್ಟಿದರೂ ಎದೆನೋವು ಬಾರದೆ ಇರಬಹುದು. ಸುಸ್ತು, ಏದುಸಿರು, ಕಾಲಿನ ಊತವನ್ನೇ ಗಮನಿಸಬೇಕು. ಕಸಿಯ ಶ್ವಾಸಕೋಶಕ್ಕೆ ಕೆಮ್ಮು ತಾನಾಗಿ ಬರುವುದು ಕಡಿಮೆ. ಕಫ ಕಟ್ಟದಂತೆ ಬೇಕೆಂದೇ ಕೆಮ್ಮುವುದನ್ನು ಅಭ್ಯಾಸ ಮಾಡಿಸಬೇಕು, ದಿನವೂ ಊದಿ ಉಸಿರಿನ ಅಳತೆ ಬರೆದಿಡಲು ಕಲಿಸಬೇಕು.

ಭಾರತದಲ್ಲಿ ಅಂಗಾಂಗ ಕಸಿ ಕಾಯಿದೆ ಬಂದದ್ದು 1994ರಲ್ಲಿ. ಅದೇ ವರ್ಷ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಪಿ. ವೇಣುಗೋಪಾಲ್ ಹೃದಯ ಕಸಿ ಮಾಡಿ ಗೆದ್ದರು. ಕರ್ನಾಟಕದಲ್ಲಿ ಅಂಗ ಹಂಚಿಕೆಯ ಸಮನ್ವಯ ಸಮಿತಿ 2007ರಲ್ಲಿ ಆರಂಭವಾಯಿತು. ಇಂದು ಆ ಕೆಲಸ 'ಜೀವಸಾರ್ಥಕತೆ'ಯ ಹೆಸರಿನಲ್ಲಿ ನಡೆಯುತ್ತಿದೆ. 2014ರ ನಿಯಮಗಳು ಕಸಿ ಸಂಯೋಜಕರ ಹುದ್ದೆಗೆ ನರ್ಸ್‌ಗಳೂ ಅರ್ಹರೆಂದವು.

ಉಡುಪಿ ಜಿಲ್ಲೆಗೆ ಶುಶ್ರೂಷೆಯ ಪರಂಪರೆ ಹೊಸದಲ್ಲ. 1923ರಲ್ಲಿ ಇವಾ ಲೊಂಬಾರ್ಡ್ ಉಡುಪಿಯಲ್ಲಿ ಮಿಷನ್ ಆಸ್ಪತ್ರೆ ತೆರೆದರು, 1953ರಲ್ಲಿ ಮಣಿಪಾಲದ ವೈದ್ಯಕೀಯ ಕಾಲೇಜು ಬಂತು. ಬೆಂಗಳೂರಿನಲ್ಲಿ ಕಸಿ ಮಾಡಿಸಿಕೊಂಡು ಉಪ್ಪುಂದದಂಥ ಕಡಲೂರಿಗೆ ಮರಳುವವರಿಗೆ ಬೇಕಾದದ್ದು ಇಲ್ಲಿನ ನೆಲ, ನೀರು, ಮಳೆಗೆ ಹೊಂದುವ ಶುಶ್ರೂಷೆ. ಇಂಗ್ಲಿಷ್ ಪುಸ್ತಕಗಳು ಬೇಡವೆನ್ನುವ ಗ್ರೇಪ್‌ಫ್ರೂಟನ್ನು ದ್ರಾಕ್ಷಿಯ ಜಾತಿಯೆಂದು ಯಾರೂ ತಪ್ಪು ತಿಳಿಯಬಾರದು, ಅದು ನಮ್ಮ ಚಕ್ಕೋತದ ಬಳಗದ ಹಣ್ಣು. ಚಕ್ಕೋತವೂ ತಿರಸ್ಕಾರ ತಡೆಯುವ ಟ್ಯಾಕ್ರೊಲಿಮಸ್ ಮಾತ್ರೆಯ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ; ಹಿತ್ತಲಲ್ಲಿ ಮರವಿದ್ದರೂ ರೋಗಿಗೆ ಅದು ಬೇಡ. ಹಟ್ಟಿ, ಗೊಬ್ಬರಗುಂಡಿ, ಬೂಸ್ಟು ಹಿಡಿದ ಬೈಹುಲ್ಲಿನಲ್ಲಿ ಶ್ವಾಸಕೋಶಕ್ಕೆ ಮಾರಕವಾಗುವ ಆಸ್ಪರ್ಜಿಲಸ್ ಬೂಸ್ಟು ಇರುತ್ತದೆ. ಕರಾವಳಿಯ ಮಣ್ಣಿನಿಂದ ಬರುವ ಮೆಲಿಯಾಯ್ಡೋಸಿಸ್ ಎಂಬ ಸೋಂಕು ಮಳೆಗಾಲದಲ್ಲೇ ಹೆಚ್ಚು, ಇಲಿಜ್ವರವೂ ಹಾಗೆಯೇ. ಆದ್ದರಿಂದ ನಟ್ಟಿಯ ಗದ್ದೆಗೆ ಬರಿಗಾಲಲ್ಲಿ ಇಳಿಯುವಂತಿಲ್ಲ, ಬಾವಿ ನೀರು ಕುದಿಸದೆ ಕುಡಿಯುವಂತಿಲ್ಲ. ಕುಚ್ಚಲಕ್ಕಿ ಗಂಜಿಗೂ ಚೆನ್ನಾಗಿ ಬೆಂದ ಮೀನಿಗೂ ಅಡ್ಡಿಯಿಲ್ಲ. ಒಣಮೀನು, ಉಪ್ಪಿನಕಾಯಿ ಮಾತ್ರ ಮಿತಿಯಲ್ಲಿರಬೇಕು, ತಿರಸ್ಕಾರ ತಡೆಯುವ ಔಷಧಿಗಳು ರಕ್ತದೊತ್ತಡ ಏರಿಸುತ್ತವೆ. ಮೆಡಿಕಲ್‌ನಿಂದ ಕೇಳಿ ತರುವ ನೋವಿನ ಮಾತ್ರೆ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ಊರಿನ ದುರ್ಗಾಪರಮೇಶ್ವರಿಯ ತೇರಿಗೆ ಹೋಗಲೇಬೇಕೆಂದರೆ ಮಾಸ್ಕ್ ಹಾಕಿ, ಜನಸಂದಣಿಯಿಂದ ದೂರ ನಿಂತು ನೋಡಬೇಕು.

ಇದನ್ನೆಲ್ಲ ಕನ್ನಡದಲ್ಲಿ ಬರೆದು ಮನೆಗೆ ತಲುಪಿಸುವ ಕೆಲಸ ಕಸಿ ಮಾಡಿದ ಆಸ್ಪತ್ರೆಯದ್ದೂ ಹೌದು, ಊರಿನ ಆರೋಗ್ಯ ಕೇಂದ್ರದ ಸಿಸ್ಟರ್‌ದ್ದೂ ಹೌದು. ಜ್ವರ 100.4 ಡಿಗ್ರಿ ಮುಟ್ಟಿದರೆ ಕಾಯದೆ ಫೋನ್ ಮಾಡಬೇಕು. ಕಸಿಯ ಬಳಿಕ ಕೊಡುವ ಸ್ಟಿರಾಯ್ಡ್ ಜ್ವರವನ್ನು ಮುಚ್ಚಿಡುವುದರಿಂದ ಅದಕ್ಕಿಂತ ಕಡಿಮೆ ಇದ್ದರೂ ಸಪ್ಪಗಾದ ರೋಗಿಯನ್ನು ಕಡೆಗಣಿಸಬಾರದು. ತಿರಸ್ಕಾರ ತಡೆಯುವ ಮಾತ್ರೆ ಸಾಮಾನ್ಯವಾಗಿ 12 ಗಂಟೆಗೊಮ್ಮೆ. ರಕ್ತದಲ್ಲಿ ಔಷಧಿಯ ಪ್ರಮಾಣ ಅಳೆಯಬೇಕಾದದ್ದು ಬೆಳಗಿನ ಮಾತ್ರೆಗೆ ಮೊದಲು. ಉಪ್ಪುಂದದಿಂದ ಮಣಿಪಾಲಕ್ಕೋ ಮಂಗಳೂರಿಗೋ ಮುಂಜಾನೆಯ ಬಸ್ಸು ಹಿಡಿಯುವವರು ಮನೆಯಲ್ಲೇ ಮಾತ್ರೆ ನುಂಗಿ ಹೊರಟರೆ ಆ ದಿನದ ಪರೀಕ್ಷೆಯೇ ವ್ಯರ್ಥ. ಮಾತ್ರೆಯನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ನುಂಗಿ ಎಂದು ಹಿಂದಿನ ಸಂಜೆಯೇ ಹೇಳಬೇಕು.